ಮೈಕ್ರೋಕಂಟ್ರೋಲರ್‌ಗಳಲ್ಲಿ ವಿದ್ಯುತ್ ಪೂರೈಕೆ ನಿರ್ವಹಣೆ

ಮೈಕ್ರೋಕಂಟ್ರೋಲರ್‌ಗಳಲ್ಲಿ ವಿದ್ಯುತ್ ಪೂರೈಕೆ ನಿರ್ವಹಣೆ ಎಂಬುದು ಚಿಪ್‌ಗೆ ಸ್ಥಿರವಾದ ವೋಲ್ಟೇಜನ್ನು ಒದಗಿಸುವ, ಕೆಲಸವಿಲ್ಲದ ವೇಳೆಯಲ್ಲಿ ವಿದ್ಯುತ್ ಬಳಕೆಯನ್ನು ತಗ್ಗಿಸುವ ಮತ್ತು ವೋಲ್ಟೇಜ್ ಕುಸಿದಾಗ ಚಿಪ್ ತಪ್ಪಾಗಿ ವರ್ತಿಸದಂತೆ ತಡೆಯುವ ವಿಧಾನಗಳ ಒಟ್ಟು ಹೆಸರು. ಬ್ಯಾಟರಿ ಅಥವಾ ಸೌರಫಲಕವನ್ನೇ ಅವಲಂಬಿಸಿ ಬಯಲಿನಲ್ಲಿ ಕೆಲಸ ಮಾಡುವ ಉಪಕರಣಗಳಲ್ಲಿ ಇದಕ್ಕೆ ಹೆಚ್ಚಿನ ಮಹತ್ವವಿದೆ. ಸ್ವಯಂಚಾಲಿತ ಮಳೆಮಾಪಕವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆಮಾಪನ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ಕರ್ನಾಟಕದ ಮಧ್ಯ ಒಣವಲಯಕ್ಕೆ ಸೇರಿವೆ. ಒಂದು ಊರಿನಲ್ಲಿ ಸುರಿದ ಮಳೆ ಪಕ್ಕದ ಊರಿಗೆ ಬಾರದಿರುವುದೂ ಉಂಟು. ಆದ್ದರಿಂದ ತಾಲ್ಲೂಕಿಗೆ ಒಂದೇ ಅಳತೆ ಸಾಲದು. 1988ರಲ್ಲಿ ಬರ ಉಸ್ತುವಾರಿಗಾಗಿ ಆರಂಭವಾದ ಸಂಸ್ಥೆಯು ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಅದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸೌರಶಕ್ತಿ ಚಾಲಿತ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಅಳವಡಿಸಿದೆ. ಇವು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಮಾಹಿತಿ ರವಾನಿಸುತ್ತವೆ. ಬರ ಘೋಷಣೆಗೂ ಹವಾಮಾನ ಆಧಾರಿತ ಬೆಳೆ ವಿಮೆಗೂ ಮಳೆಯ ಅಂಕಿಅಂಶಗಳೇ ಆಧಾರವಾಗುವುದರಿಂದ, ದಾಖಲೆಯಲ್ಲಿ ಬಿಟ್ಟುಹೋದ ಒಂದು ದಿನವೂ ರೈತರ ಪಾಲಿಗೆ ಸಣ್ಣ ಲೋಪವಲ್ಲ.

ನಿದ್ರಾಸ್ಥಿತಿ

ಚಿಪ್ ಕೆಲಸ ಮಾಡುವಾಗ ಬಳಸುವ ಶಕ್ತಿಯು ಗಡಿಯಾರದ ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆದ್ದರಿಂದ ವೇಗವನ್ನೂ ವೋಲ್ಟೇಜನ್ನೂ ಇಳಿಸಿದರೆ ಉಳಿತಾಯವಾಗುತ್ತದೆ. ಗಡಿಯಾರವನ್ನೇ ನಿಲ್ಲಿಸುವ ನಿದ್ರಾಸ್ಥಿತಿಯಲ್ಲಿ ಉಳಿತಾಯ ಇನ್ನೂ ಹೆಚ್ಚು. ಎಟಿಮೆಗಾ 328ಪಿ ಚಿಪ್ 1.8 ವೋಲ್ಟ್ ಮತ್ತು 1 ಮೆಗಾಹರ್ಟ್ಸ್‌ನಲ್ಲಿ ಎಚ್ಚರವಿದ್ದಾಗ ಸುಮಾರು 0.2 ಮಿಲಿಆಂಪಿಯರ್ ಬಳಸಿದರೆ, ಗಾಢ ನಿದ್ರೆಯಲ್ಲಿ ಸುಮಾರು 0.1 ಮೈಕ್ರೋಆಂಪಿಯರ್ ಮಾತ್ರ ಬಳಸುತ್ತದೆ. ಮಳೆನೀರು ತುಂಬಿದಾಗ ಮಗುಚಿಕೊಳ್ಳುವ ಬಟ್ಟಲಿರುವ ಮಳೆಮಾಪಕಗಳಲ್ಲಿ, ಪ್ರತಿ ಮಗುಚುವಿಕೆಯೂ ಒಂದು ಸ್ವಿಚ್ಚನ್ನು ಕ್ಷಣಕಾಲ ಮುಚ್ಚಿ ಚಿಪ್ಪನ್ನು ಎಚ್ಚರಿಸಬಲ್ಲದು. ಹೀಗಾಗಿ ನಿದ್ರೆಯಲ್ಲಿದ್ದರೂ ಎಣಿಕೆ ತಪ್ಪುವುದಿಲ್ಲ.

ಒಂದು ಮಾದರಿ ಲೆಕ್ಕ

ಉಪಕರಣವೊಂದು 15 ನಿಮಿಷಕ್ಕೊಮ್ಮೆ 10 ಸೆಕೆಂಡು ಎಚ್ಚರವಿದ್ದು 100 ಮಿಲಿಆಂಪಿಯರ್ ಬಳಸುತ್ತದೆ, ಉಳಿದ 890 ಸೆಕೆಂಡು 0.01 ಮಿಲಿಆಂಪಿಯರ್ ಬಳಸುತ್ತದೆ ಎಂದು ಭಾವಿಸೋಣ. ಆಗ ಸರಾಸರಿ ಬಳಕೆ ಸುಮಾರು 1.12 ಮಿಲಿಆಂಪಿಯರ್. ಬಿಸಿಲೇ ಇಲ್ಲದಿದ್ದರೂ 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅದು ಲೆಕ್ಕದ ಪ್ರಕಾರ ಸುಮಾರು 260 ದಿನ ನಡೆಯುತ್ತದೆ. ನಿದ್ರೆಯೇ ಇಲ್ಲದಿದ್ದರೆ ಮೂರು ದಿನಕ್ಕೆ ಬ್ಯಾಟರಿ ಬರಿದಾಗುತ್ತದೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದಾದ್ದರಿಂದ ವಾಸ್ತವದಲ್ಲಿ ದಿನಗಳು ಇದಕ್ಕಿಂತ ಕಡಿಮೆ. ಮೋಡ ಕವಿದ ದಿನಗಳಲ್ಲಿ ಸೌರಫಲಕದ ಉತ್ಪಾದನೆ ತಗ್ಗುತ್ತದೆ. ಮಳೆಮಾಪಕ ಕೆಲಸ ಮಾಡಲೇಬೇಕಾದುದೂ ಅದೇ ದಿನಗಳಲ್ಲಿ.

ವೋಲ್ಟೇಜ್ ನಿಯಂತ್ರಕದ ಆಯ್ಕೆ

ಬ್ಯಾಟರಿಯ 12 ವೋಲ್ಟನ್ನು 5 ವೋಲ್ಟಿಗೆ ಇಳಿಸಲು ಬಳಸುವ 7805 ಮಾದರಿಯ ನಿಯಂತ್ರಕವು ತನ್ನ ಸ್ವಂತ ಕೆಲಸಕ್ಕೇ ಸುಮಾರು 5 ಮಿಲಿಆಂಪಿಯರ್ ಬಳಸುತ್ತದೆ. ಇದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿದರೆ 260 ದಿನಗಳು ಸುಮಾರು 47 ದಿನಗಳಿಗೆ ಇಳಿಯುತ್ತವೆ. ಚಿಪ್ ಮಲಗಿದ್ದರೂ ನಿಯಂತ್ರಕ ಮಲಗುವುದಿಲ್ಲ. ಆದ್ದರಿಂದ ಇಂತಹ ಉಪಕರಣಗಳಲ್ಲಿ ಸ್ವಂತ ಬಳಕೆ ಮೈಕ್ರೋಆಂಪಿಯರ್ ಮಟ್ಟದಲ್ಲಿರುವ ನಿಯಂತ್ರಕಗಳನ್ನು ಆಯ್ದುಕೊಳ್ಳಲಾಗುತ್ತದೆ.

ವೋಲ್ಟೇಜ್ ಕುಸಿತದಿಂದ ರಕ್ಷಣೆ

ಜಿಎಸ್ಎಂ ಮೋಡೆಮ್‌ಗಳು ಸಂಕೇತ ಕಳುಹಿಸುವಾಗ ಅತ್ಯಲ್ಪ ಕಾಲ 2 ಆಂಪಿಯರ್‌ವರೆಗೆ ವಿದ್ಯುತ್ ಎಳೆಯಬಲ್ಲವು. ತಂತಿ ತೆಳುವಾಗಿದ್ದರೆ ಅಥವಾ ಬ್ಯಾಟರಿ ಹಳೆಯದಾಗಿದ್ದರೆ ಆ ಕ್ಷಣದಲ್ಲಿ ವೋಲ್ಟೇಜ್ ಕುಸಿಯುತ್ತದೆ. ಇದನ್ನು ತಡೆಯಲು ಮೋಡೆಮ್‌ನ ಬಳಿ ದೊಡ್ಡ ಕೆಪಾಸಿಟರನ್ನೂ, ಚಿಪ್‌ನ ವಿದ್ಯುತ್ ಪಿನ್ನುಗಳಿಗೆ ಅಂಟಿದಂತೆ 100 ನ್ಯಾನೋಫ್ಯಾರಡ್‌ನ ಕೆಪಾಸಿಟರನ್ನೂ ಇಡಲಾಗುತ್ತದೆ.

ಕನಿಷ್ಠ ಮಿತಿಗಿಂತ ಕಡಿಮೆ ವೋಲ್ಟೇಜಿನಲ್ಲಿ ಚಿಪ್ ನಿಲ್ಲದೆ ತಪ್ಪು ಆದೇಶಗಳನ್ನು ನಡೆಸಬಹುದು. ಆಗ ಶಾಶ್ವತ ಸ್ಮೃತಿಯಲ್ಲಿರುವ ಮಳೆಯ ಎಣಿಕೆ ಕೆಡುವ ಅಪಾಯವಿದೆ. ಬ್ರೌನ್-ಔಟ್ ಪತ್ತೆ ವ್ಯವಸ್ಥೆಯು ಅಂತಹ ಸಂದರ್ಭದಲ್ಲಿ ಚಿಪ್ಪನ್ನು ರೀಸೆಟ್ ಸ್ಥಿತಿಯಲ್ಲಿ ಹಿಡಿದಿಡುತ್ತದೆ. ಎಟಿಮೆಗಾ 328ಪಿಯಲ್ಲಿ ಇದಕ್ಕೆ 1.8, 2.7 ಮತ್ತು 4.3 ವೋಲ್ಟ್ ಎಂಬ ಮೂರು ಮಿತಿಗಳಿವೆ. ಈ ಮಿತಿಯು ಗಡಿಯಾರದ ವೇಗಕ್ಕೆ ಹೊಂದಬೇಕು: 10 ಮೆಗಾಹರ್ಟ್ಸ್‌ಗೆ 2.7 ವೋಲ್ಟ್ ಸಾಕಾದರೆ, 20 ಮೆಗಾಹರ್ಟ್ಸ್‌ಗೆ ಕನಿಷ್ಠ 4.5 ವೋಲ್ಟ್ ಬೇಕು. ಪತ್ತೆ ವ್ಯವಸ್ಥೆಯೂ ವಿದ್ಯುತ್ ಬಳಸುವುದರಿಂದ ನಿದ್ರೆಯ ವೇಳೆಯಲ್ಲಿ ಅದನ್ನು ತಂತ್ರಾಂಶದ ಮೂಲಕ ನಿಲ್ಲಿಸುವ ಸೌಲಭ್ಯವೂ ಈ ಚಿಪ್‌ನಲ್ಲಿದೆ.