ಹಳೇ ಡೆಕ್ಕು ಗುಜರಿಗೆ ಹಾಕುವ ಮುನ್ನ...

ದೀಪಾವಳಿಗೆ ಮನೆ ಸ್ವಚ್ಛ ಮಾಡಲು ನಿಂತರೆ ಅಟ್ಟದಿಂದ ಮೊದಲು ಇಳಿಯುವುದು ಏನು ಹೇಳಿ? ಹಳೇ ಸೀರೆಯಲ್ಲಿ ಸುತ್ತಿಟ್ಟ ಆ ಸ್ಟೀರಿಯೊ ಡೆಕ್ಕು! ಮಾವನವರು ಸಂಬಳ ಕೂಡಿಟ್ಟು ತಂದದ್ದು. "ಸುಮ್ನೆ ಜಾಗ ತಿಂತದ, ಗುಜರಿಗಿ ಹಾಕು" ಅಂತಾರೆ ಮನೆಯವರು. ಮಗನ ಕಣ್ಣು ಮೊಬೈಲಿನಲ್ಲಿ ಕಂಡ 'ಸಾವಿರ ವಾಟ್'ನ ಹೊಸ ಸೆಟ್ ಮೇಲೆ. ನಡುವೆ ತಿಂಗಳ ಲೆಕ್ಕ ನೋಡಬೇಕಾದವರು ಮಾತ್ರ ನೀವು. ಅದಕ್ಕೇ, ಕೊಡುವ ಮುನ್ನ ಮತ್ತು ಕೊಳ್ಳುವ ಮುನ್ನ ಬಜಾರು ಹೇಗೆ ಬದಲಾಗಿದೆ ಅಂತ ಸ್ವಲ್ಪ ತಿಳಿದುಕೊಳ್ಳಿ.

ನಡುವಿನ ಸಾಮಾನು ಮಾಯ

ಒಂದು ಕಾಲಕ್ಕೆ ಒಳ್ಳೆಯ ಸೆಟ್ ಬೇಕೆಂದರೆ ಕಲಬುರಗಿಗೆ ಹೋಗಬೇಕಿತ್ತು. ಇಲ್ಲವೇ ವಾಡಿ, ಚಿತ್ತಾಪುರ, ಸೇಡಂನಲ್ಲಿ ರೈಲು ಹತ್ತಿ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಸೇರಬೇಕಿತ್ತು. ಫಿಲಿಪ್ಸ್, ಸೋನೊಡೈನ್ ಮನೆಗೆ ಬಂದರೆ ಓಣಿಯವರೆಲ್ಲ ನೋಡಲು ಬರುತ್ತಿದ್ದರು. 1991ರ ನಂತರ ಆಮದಿನ ಬಾಗಿಲು ತೆರೆಯಿತು, 1994ರಲ್ಲಿ ಸೋನಿ ಇಂಡಿಯಾ ಶುರುವಾಯಿತು.

ಈಗ? ಕೆಳಗಡೆ ಸಾವಿರ, ಎರಡು ಸಾವಿರದ ಬ್ಲೂಟೂತ್ ಸ್ಪೀಕರ್, ಟಿವಿ ಕೆಳಗಿಡುವ ಸೌಂಡ್ ಬಾರ್. ಮೇಲ್ಗಡೆ ಲಕ್ಷಗಟ್ಟಲೆ ಬೆಲೆಯ 'ಹೈ ಎಂಡ್' ಸೆಟ್. ಮಧ್ಯಮ ವರ್ಗದವರು ಕೊಳ್ಳುತ್ತಿದ್ದ ನಡುವಿನ ಡೆಕ್ಕು ಮಾತ್ರ ಅಂಗಡಿಯಿಂದ ಹೆಚ್ಚುಕಮ್ಮಿ ಮಾಯ.

ಹೆಸರು ನೋಡಿ ಮರುಳಾಗಬೇಡಿ

ಕಂಪನಿಗಳೂ ಕೈಬದಲಾಗಿವೆ. ಜೆಬಿಎಲ್ ತಯಾರಿಸುವ ಹಾರ್ಮನ್ ಕಂಪನಿಯನ್ನು 2017ರಲ್ಲಿ ಸ್ಯಾಮ್ಸಂಗ್ ಕೊಂಡಿತು. ಡೆನಾನ್, ಮರಾಂಟ್ಜ್ ಹೆಸರುಗಳೂ 2025ರಲ್ಲಿ ಹಾರ್ಮನ್ ಪಾಲಾದವು. ಅಮೆರಿಕದ ಮ್ಯಾಕಿಂಟಾಷ್ ಆಂಪ್ಲಿಫೈಯರ್ ಕಂಪನಿ 2024ರಲ್ಲಿ ಬೋಸ್ ಕೈಗೆ ಬಂತು. ಜಪಾನಿನ ಆಂಕಿಯೊ 2022ರಲ್ಲಿ ದಿವಾಳಿ ಅರ್ಜಿ ಹಾಕಿತು. ಸಾನ್ಸುಯಿ, ಅಕಾಯಿ ಎಂಬ ಹಳೇ ಹೆಸರುಗಳು ಇವತ್ತು ಬೇರೆಯವರ ಸಾಮಾನಿನ ಮೇಲೂ ಇರುತ್ತವೆ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಕಂಪನಿ?" ಅಲ್ಲ. "ಕೆಟ್ಟರೆ ರಿಪೇರಿ ಎಲ್ಲಿ? ಕಲಬುರಗಿಯಲ್ಲಿ ಮಾಡುತ್ತಾರಾ?" ಎಂಬುದು. ಚಿಂಚೋಳಿಯಿಂದ ಸ್ಪೀಕರ್ ಹೊತ್ತು ಹೈದರಾಬಾದಿಗೆ ಓಡಾಡುವವರು ಯಾರು!

ಹಳತಿಗೂ ಬಂತು ಬೆಲೆ

ಇನ್ನೊಂದು ಅಚ್ಚರಿ ಗೊತ್ತೇ? ಅಮೆರಿಕದಲ್ಲಿ 2022ರಲ್ಲಿ ಸಿಡಿಗಿಂತ ಹಳೇ ಎಲ್‌ಪಿ ತಟ್ಟೆಗಳೇ ಹೆಚ್ಚು ಮಾರಾಟವಾದವು. ಸಿಡಿ ಸುಮಾರು 3.3 ಕೋಟಿ, ಎಲ್‌ಪಿ 4.1 ಕೋಟಿ! 1987ರ ನಂತರ ಹೀಗಾದದ್ದು ಅದೇ ಮೊದಲು. ಪ್ಯಾನಾಸೋನಿಕ್ 2010ರಲ್ಲಿ ನಿಲ್ಲಿಸಿದ್ದ ಟೆಕ್ನಿಕ್ಸ್ ಪ್ಲೇಯರನ್ನು 2016ರಲ್ಲಿ ಮತ್ತೆ ತಂದಿತು. ನಮ್ಮಲ್ಲೂ ಹಳೇ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್ ಹುಡುಕಿಕೊಂಡು ಕೊಳ್ಳುವವರಿದ್ದಾರೆ. ಅಂಥದ್ದನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡಬೇಡಿ. ಹಿಂಬದಿಯ ಮಾಡೆಲ್ ನಂಬರ್ ಬರೆದಿಟ್ಟುಕೊಂಡು ಮೂರು ಕಡೆ ಬೆಲೆ ಕೇಳಿ.

ಸ್ಪೀಕರ್ ಸುತ್ತಲಿನ ಸ್ಪಂಜು ಪುಡಿಯಾಗಿದ್ದರೆ, ಡೆಕ್ಕಿನ ಬೆಲ್ಟ್ ಸಡಿಲಾಗಿದ್ದರೆ ಹೆದರಬೇಕಿಲ್ಲ. ಎರಡನ್ನೂ ಬದಲಿಸಬಹುದು. ಹಳೇ ಆಂಪ್ಲಿಫೈಯರ್‌ಗೆ ಸಣ್ಣ ಬ್ಲೂಟೂತ್ ಡಬ್ಬಿ ಜೋಡಿಸಿದರೆ ಮಗನ ಮೊಬೈಲಿನ ಹಾಡೂ ಅದರಲ್ಲೇ ಬರುತ್ತದೆ!

ಪರ್ಸಿ ನೆಲದ ಗುಟ್ಟು

ನಮ್ಮ ಮನೆಗಳಲ್ಲಿ ಕಾಲಿಟ್ಟ ಕಡೆಯೆಲ್ಲ ಶಹಾಬಾದ್ ಕಲ್ಲು. ಬೇಸಿಗೆಗೆ ತಂಪು, ನಿಜ. ಆದರೆ ಗಟ್ಟಿ ಪರ್ಸಿ ದನಿಯನ್ನು ಹೀರುವುದಿಲ್ಲ, ವಾಪಸ್ ಎಸೆಯುತ್ತದೆ. ಎಷ್ಟು ದುಬಾರಿ ಸೆಟ್ ತಂದರೂ ಹಾಡಿನ ಮಾತು ಗೊಂಯ್‌ಗುಟ್ಟುವುದು ಇದಕ್ಕೇ. ಹಾಲಿನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ದನಿ ಹಿಂದೆಯೇ ಬಂದರೆ ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿ. ಅಜ್ಜಿ ಹೊಲಿದ ಕೌದಿಯನ್ನು ಗೋಡೆಗೆ ತೂಗುಹಾಕಿದರೂ ಆಯ್ತು. ಖರ್ಚಿಲ್ಲದೆ ದನಿ ತಿಳಿಯಾಗುತ್ತದೆ, ಗೋಡೆಗೂ ಚೆಂದ!

ಇವಿಷ್ಟು ನೆನಪಿಡಿ

* ಡಬ್ಬದ ಮೇಲಿನ 'ಪಿಎಂಪಿಒ' ವಾಟ್ ನಂಬಬೇಡಿ. 'ಆರ್‌ಎಂಎಸ್' ಎಷ್ಟು ಅಂತ ಕೇಳಿ. ಸಾಮಾನ್ಯ ಹಾಲಿಗೆ ಒಂದು ಸ್ಪೀಕರ್‌ಗೆ 30-50 ವಾಟ್ ಧಾರಾಳ.
* ನಿಮಗೆ ಬಾಯಿಪಾಠವಾಗಿರುವ ಹಾಡನ್ನೇ ಅಂಗಡಿಯಲ್ಲಿ ಹಾಕಿಸಿ. ದನಿ ಸಣ್ಣದಿದ್ದಾಗಲೂ ಮಾತು ಸ್ಪಷ್ಟ ಕೇಳಬೇಕು.
* ಸ್ಪೀಕರ್ ಗೋಡೆಗೆ ಅಂಟಿಸಬೇಡಿ, ಅರ್ಧ ಅಡಿಯಾದರೂ ಬಿಡಿ.
* ಸಿಮೆಂಟು, ಕಲ್ಲಿನ ಧೂಳಿನ ಊರು ನಮ್ಮದು. ವಾರಕ್ಕೊಮ್ಮೆ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಬೇಡ.
* ಸೆಟ್ ಚಾಲೂ ಇದ್ದಾಗ ಮೇಲೆ ಕ್ರೋಶಾ ಹೊದಿಕೆ ಹಾಕಬೇಡಿ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಅದಕ್ಕೂ ಉಸಿರಾಡಲು ಜಾಗ ಬೇಕು.
* ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.

ಕೊನೆಗೊಂದು ಮಾತು

ಡೆಕ್ಕಿನ ಜೊತೆ ಕ್ಯಾಸೆಟ್ಟಿನ ಡಬ್ಬವೂ ಇರುತ್ತದಲ್ವಾ? ಅದರಲ್ಲಿ ಅತ್ತೆಯ ಬೀಸುವ ಕಲ್ಲಿನ ಹಾಡೋ, ಮಾವನವರ ತತ್ವಪದವೋ, ನಿಮ್ಮ ಮಗಳ ತೊದಲು ಮಾತೋ ಇದ್ದೀತು. ವರ್ಷ ಕಳೆದಂತೆ ಟೇಪು ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಡೆಕ್ಕನ್ನು ಮೊದಲು ಮೆಕ್ಯಾನಿಕ್‌ಗೆ ತೋರಿಸಿ, ಬೇಡವಾದ ಕ್ಯಾಸೆಟ್ ಹಾಕಿ ಪರೀಕ್ಷಿಸಿ. ಆಮೇಲೆ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಕೊಟ್ಟು ದನಿ ಇಳಿಸಿಕೊಳ್ಳಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಕಾಲೇಜಿಗೆ ಹೋಗುವ ಮಗನಿಗೆ ಇದು ಅರ್ಧ ದಿನದ ಕೆಲಸ. ಎರಡು ಪೆನ್‌ಡ್ರೈವಿಗೆ ಹಾಕಿ ಬೇರೆ ಬೇರೆ ಕಡೆ ಇಡಿ.

ಲಕ್ಷದ ಸೆಟ್ ಇವತ್ತಲ್ಲ ನಾಳೆ ಕಂತಿನಲ್ಲಾದರೂ ಬಂದೀತು. ಅತ್ತೆಯ ದನಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ಹಾಗಾಗಿ ಈ ಸಲ ಹಬ್ಬದ ಸ್ವಚ್ಛತೆಯಲ್ಲಿ ಆ ಡಬ್ಬವನ್ನು ಮೊದಲು ಬಿಚ್ಚಿ, ಗುಜರಿಯವನನ್ನು ಆಮೇಲೆ ಕರೆಯಿರಿ!