ಒಳಪದರವಿರುವ ಜಿಪ್ ಸಂಚಿ: ಹೊಲಿಯುವ ಕ್ರಮ ಹಾಗೂ ಖರೀದಿಗೆ ಮುನ್ನ ಪರಿಶೀಲನೆ



120 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಗಳು 2022ರ ಡಿಸೆಂಬರ್ 31ರಿಂದ ನಿಷೇಧಕ್ಕೆ ಒಳಪಟ್ಟಿವೆ. ನಂಜನಗೂಡಿನ ಶ್ರೀಕಂಠೇಶ್ವರ ಸ್ವಾಮಿ ದೇವಾಲಯ, ತಿ. ನರಸೀಪುರದ ತ್ರಿವೇಣಿ ಸಂಗಮ, ತಲಕಾಡು ಹಾಗೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರಕ್ಕೆ ಬರುವ ಭಕ್ತರಿಗೂ ಪ್ರವಾಸಿಗರಿಗೂ ವಿಭೂತಿ, ಕುಂಕುಮ, ಚಿಲ್ಲರೆ, ಮೊಬೈಲ್ ಇಟ್ಟುಕೊಳ್ಳಲು ಪುಟ್ಟ ಬಟ್ಟೆ ಸಂಚಿ ಉಪಯುಕ್ತ. ಹೊಲಿಗೆ ಯಂತ್ರವಿರುವ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಇದು ಮನೆಯಲ್ಲೇ ಮಾಡಬಹುದಾದ ಕೆಲಸ.

ಆದರೆ ಸಂಚಿ ಒಮ್ಮೆ ಮಾರಾಟವಾದರೆ ಸಾಲದು, ಕೊಂಡವರು ಮತ್ತೆ ಕೇಳಿ ಬರಬೇಕು. ಹಿಂದೆ ಸಂಘವೊಂದರ ಮಾದರಿಯನ್ನು ನಾನು ಹೊರಗಿನಿಂದಷ್ಟೇ ನೋಡಿ ಒಪ್ಪಿದ್ದೆ. ಬಳಸತೊಡಗಿದ ಮೇಲೆ ರನ್ನರ್ ತುದಿಯಲ್ಲಿ ಕಳಚಿತು, ಒಳಗಿನ ನೂಲು ಜಿಪ್‌ಗೆ ಸಿಕ್ಕಿಕೊಂಡಿತು. ಸಂಚಿಗಳು ಹಿಂದಿರುಗಿದವು, ಮಹಿಳೆಯರು ಕೂಲಿಯಿಲ್ಲದೆ ಬಿಚ್ಚಿ ಹೊಲಿದರು. ಒಳಭಾಗವನ್ನು ಪರೀಕ್ಷಿಸದ ತಪ್ಪು ನನ್ನದಾಗಿತ್ತು. ಆ ಕಾರಣದಿಂದಲೇ ಈ ವಿವರಣೆ.

ಸಾಮಗ್ರಿ

ಹೊರಪದರಕ್ಕೆ ಗಟ್ಟಿ ಹತ್ತಿ ಬಟ್ಟೆ ಬೇಕು. 1927ರಲ್ಲಿ ಗಾಂಧೀಜಿ ಭೇಟಿ ನೀಡಿದ, ನಂಜನಗೂಡು ತಾಲ್ಲೂಕಿನ ಬದನವಾಳಿನಂತಹ ಕೇಂದ್ರಗಳ ಖಾದಿಯೂ ಆದೀತು. ಒಳಪದರಕ್ಕೆ ಕುಂಕುಮದ ಕಲೆ ಎದ್ದು ಕಾಣದ ಗಾಢ ಬಣ್ಣದ ತೆಳು ಹತ್ತಿ ಬಟ್ಟೆ ಒಳ್ಳೆಯದು. ಹತ್ತಿ ಬಟ್ಟೆ ಕುಗ್ಗುವುದರಿಂದ ಎರಡನ್ನೂ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ನಂತರವೇ ಕತ್ತರಿಸತಕ್ಕದ್ದು. ಹೊರಪದರಕ್ಕೆ ಎರಡು, ಒಳಪದರಕ್ಕೆ ಎರಡರಂತೆ ಅಗಲ 9 ಇಂಚು, ಎತ್ತರ 6½ ಇಂಚಿನ ನಾಲ್ಕು ತುಂಡುಗಳು ಬೇಕು. ತುಕ್ಕು ಹಿಡಿಯದ ನೈಲಾನ್ ಜಿಪ್ ಸೂಕ್ತ.

ಹೊಲಿಯುವ ಕ್ರಮ

1. ರೋಲ್‌ನಿಂದ ಕತ್ತರಿಸಿದ ಜಿಪ್‌ನ ತುದಿಗೆ ತಡೆ ಇರುವುದಿಲ್ಲ. ಆದ್ದರಿಂದ ರನ್ನರ್ ಏರಿಸಿದ ಮೇಲೆ ಎರಡೂ ತುದಿಗಳನ್ನು ಬಟ್ಟೆಯ ಪಟ್ಟಿಯೊಳಗೆ ಸೇರಿಸಿ ಹೊಲಿಯಬೇಕು. ನಡುವೆ 7½ ಇಂಚು ಹಲ್ಲು ಕಾಣಬೇಕು. ಪಟ್ಟಿ ಸೇರಿ ಒಟ್ಟು ಉದ್ದ 9 ಇಂಚು ಇರಬೇಕು.

2. ಹೊರಬಟ್ಟೆಯ ಹೊರಮುಖ ಮೇಲಿರಲಿ. ಅದರ ಮೇಲಂಚಿಗೆ ಜಿಪ್ಪನ್ನು ಬೋರಲಾಗಿ ಇಟ್ಟು, ಅದರ ಮೇಲೆ ಒಳಬಟ್ಟೆಯನ್ನೂ ಬೋರಲಾಗಿ ಇಡಬೇಕು. ಮೂರನ್ನೂ ಸೇರಿಸಿ ಅಂಚಿನಿಂದ ಕಾಲು ಇಂಚಿನಲ್ಲಿ ಹೊಲಿಯಬೇಕು. ಜಿಪ್ ಹೊಲಿಯುವ ಕಿರಿದಾದ ಫುಟ್ ಬಳಸಿದರೆ ಹೊಲಿಗೆ ನೇರವಾಗಿ ಬರುತ್ತದೆ.

3. ಬಟ್ಟೆಗಳನ್ನು ತಿರುಗಿಸಿ ಇಸ್ತ್ರಿ ಮಾಡಿ, ಜಿಪ್‌ನ ಪಕ್ಕದಲ್ಲೇ ಮೇಲಿನಿಂದ ಇನ್ನೊಂದು ಹೊಲಿಗೆ ಹಾಕಬೇಕು. ಒಳಬಟ್ಟೆ ಜಿಪ್‌ಗೆ ಸಿಕ್ಕಿಕೊಳ್ಳದಂತೆ ತಡೆಯುವುದು ಇದೇ. ಇನ್ನೊಂದು ಬದಿಗೂ ಇದೇ ಕ್ರಮ.

4. ಜಿಪ್ಪನ್ನು ಅರ್ಧ ತೆರೆದಿಡಬೇಕು. ಮರೆತರೆ ಸಂಚಿಯನ್ನು ಮಗುಚಲಾಗದು. ಹೊರಬಟ್ಟೆಗೆ ಹೊರಬಟ್ಟೆ, ಒಳಬಟ್ಟೆಗೆ ಒಳಬಟ್ಟೆ ಹೊರಮುಖಗಳು ಎದುರಾಗುವಂತೆ ಜೋಡಿಸಿ, ಜಿಪ್‌ನ ತುದಿಗಳನ್ನು ಒಳಬಟ್ಟೆಯ ಕಡೆಗೆ ಬಾಗಿಸಿ, ಸುತ್ತಲೂ ಅರ್ಧ ಇಂಚು ಬಿಟ್ಟು ಹೊಲಿಯಬೇಕು. ಒಳಬಟ್ಟೆಯನ್ನು ಒಂದು ನೂಲಿನಷ್ಟು ಹೆಚ್ಚು ಒಳಗೆ ಹಿಡಿದರೆ ಅದು ಜೋಲುವುದಿಲ್ಲ. ಒಳಬಟ್ಟೆಯ ತಳದಲ್ಲಿ 3 ಇಂಚು ಹೊಲಿಯದೆ ಬಿಡಬೇಕು.

5. ಹೊಲಿಗೆಗೆ ತಾಗದಂತೆ ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಬಿಟ್ಟ ಜಾಗದಿಂದ ಸಂಚಿಯನ್ನು ಮಗುಚಿ, ಆ ಜಾಗವನ್ನು ಹೊಲಿದು ಮುಚ್ಚಬೇಕು. ಬಟ್ಟೆಯ ಕತ್ತರಿಸಿದ ಅಂಚುಗಳೆಲ್ಲ ಎರಡು ಪದರಗಳ ನಡುವೆ ಅಡಗುತ್ತವೆ.

ಸದಸ್ಯರು ಪರಿಶೀಲಿಸಬೇಕಾದ ಅಂಶಗಳು

ಪಂಚಾಯಿತಿಯ ಸಭೆ, ತರಬೇತಿಗಳಿಗೆ ಸಂಚಿ ಖರೀದಿಸುವಾಗ ಮಾದರಿಯ ಒಳಭಾಗವನ್ನು ಹೊರಗೆ ಮಗುಚಿ ನೋಡತಕ್ಕದ್ದು. ಬಿಡಿ ನೂಲು ಕಾಣಬಾರದು. ಜಿಪ್ಪನ್ನು ಇಪ್ಪತ್ತು ಬಾರಿ ಎಳೆದರೂ ರನ್ನರ್ ಕಳಚಬಾರದು, ಬಟ್ಟೆ ಸಿಕ್ಕಿಕೊಳ್ಳಬಾರದು. ಜಿಪ್‌ನ ಪಕ್ಕದ ಮೂಲೆಗಳು ಉಬ್ಬಿರಬಾರದು. ಒಮ್ಮೆ ಒಗೆದು ಬಣ್ಣವನ್ನೂ ಪರೀಕ್ಷಿಸಬೇಕು.

ದೋಷ ಕಂಡಲ್ಲಿ ಮಾದರಿಯ ಹಂತದಲ್ಲೇ ತಿಳಿಸಿದರೆ ಒಂದು ಸಂಚಿ ಬಿಚ್ಚಿದರೆ ಸಾಕು. ಇನ್ನೂರು ಹೊಲಿದ ಮೇಲೆ ತಿಳಿಸಿದರೆ ಸಂಘದ ಬಂಡವಾಳಕ್ಕೇ ಪೆಟ್ಟು. ಮಾದರಿ ಒಪ್ಪಿಗೆಯಾದ ನಂತರವೇ ಬೇಡಿಕೆ ನೀಡಬೇಕೆಂದೂ, ಬಟ್ಟೆ-ಜಿಪ್‌ನ ಬೆಲೆಯೊಂದಿಗೆ ಹೊಲಿಗೆಯ ಸಮಯಕ್ಕೂ ಸೂಕ್ತ ಕೂಲಿ ಸೇರಿಸಿ ದರ ನಿಗದಿಪಡಿಸಬೇಕೆಂದೂ ಸದಸ್ಯರಲ್ಲಿ ಕೋರಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ