ಕೊಳವೆಯೊಳಗಿನ ಕಾರ್ತೂಸು

ಮನ್ನಾಏಖೇಳ್ಳಿಯಲ್ಲಿ ತೊಗರಿಯ ದುಡ್ಡು ಖಾತೆಗೆ ಬೀಳುವ ದಿನಗಳಲ್ಲಿ ಬ್ಯಾಂಕಿನ ಮುಂದೆ ಜನವೋ ಜನ. ಫೌಜಿನಿಂದ ಬಂದ ಮೇಲೆ ನನ್ನ ನೌಕರಿ ಆ ಬಾಗಿಲಲ್ಲೇ. ಹೆಗಲಲ್ಲಿ ಹನ್ನೆರಡು ಬೋರಿನ ಪಂಪ್ ಆ್ಯಕ್ಷನ್ ಬಂದೂಕು. ಸಾಲಿನಲ್ಲಿ ನಿಂತ ಹುಡುಗರು ಕೇಳುತ್ತಾರೆ: "ಕಾಕಾ, ಇದರಾಗ ಗುಂಡು ಎಲ್ಲಿ ಇರ್ತಾವ?"

ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇದೆಯಲ್ಲ, ಅದೇ ಮ್ಯಾಗಜೀನ್. ಅದರಲ್ಲಿ ಕಾರ್ತೂಸುಗಳು ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು ಇರುತ್ತವೆ, ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ. ಹಿಂದಿನದರ ಮೂತಿ ಮುಂದಿನದರ ಬುಡಕ್ಕೆ ತಾಗಿರುತ್ತದೆ. ಬುಡದ ನಟ್ಟನಡುವೆ ಕ್ಯಾಪ್. ಅದಕ್ಕೆ ಏಟು ಬಿದ್ದರೆ ಮದ್ದು ಹೊತ್ತಿಕೊಳ್ಳುತ್ತದೆ.

ನನ್ನ ಬಂದೂಕಿನದು ಛರ್ರಾ ತುಂಬಿದ ಕಾರ್ತೂಸು, ಮೂತಿ ಚಪ್ಪಟೆ. ಅಪಾಯವಿರುವುದು ಇಂಥದೇ ಕೊಳವೆಯಿರುವ ರೈಫಲ್‌ಗೆ ಚೂಪು ಗುಂಡು ತುಂಬಿದಾಗ. ಒಂದು ಗುಂಡು ಹಾರಿದ ಝಟಕಾಕ್ಕೆ ಹಿಂದಿನ ಮೊನೆ ಮುಂದಿನ ಕ್ಯಾಪನ್ನು ಚುಚ್ಚಬಹುದು. ಆಗ ಕೊಳವೆಯೇ ಸಿಡಿಯುತ್ತದೆ, ಅದೂ ಬಂದೂಕು ಹಿಡಿದ ಎಡಗೈಯ ಹತ್ತಿರ.

ಫ್ರಾನ್ಸಿನ ಸೇನೆಯ 1886ರ ಲೆಬೆಲ್ ರೈಫಲ್‌ನ ಕೊಳವೆಯಲ್ಲಿ 8 ಕಾರ್ತೂಸು ಹಿಡಿಯುತ್ತಿದ್ದವು, ಗುಂಡಿನ ತುದಿ ಚಪ್ಪಟೆ. 1898ರಲ್ಲಿ ಚೂಪು ಗುಂಡು ತಂದಾಗ ಬುಡದಲ್ಲಿ ಕ್ಯಾಪಿನ ಸುತ್ತ ಉಂಗುರದಂತೆ ಗೀರು ಕೊರೆದರು. ಹಿಂದಿನ ಮೊನೆ ಆ ಗೀರಿನಲ್ಲಿ ಕೂರುತ್ತಿತ್ತು. ಅಮೆರಿಕದ ಜಾನ್ ಬ್ರೌನಿಂಗ್ 1895ರ ವಿಂಚೆಸ್ಟರ್‌ನಲ್ಲಿ ಕೊಳವೆಯನ್ನೇ ಬಿಟ್ಟು ಪೆಟ್ಟಿಗೆ ಮ್ಯಾಗಜೀನ್ ಇಟ್ಟ. ನನಗೆ ಇದೇ ಸರಿ ಅನ್ನಿಸುತ್ತದೆ. ಎನ್‌ಸಿಸಿ ಹುಡುಗರಿಗೆ ಗೊತ್ತಿರುವ ಪಾಯಿಂಟ್ ಟೂ ಟೂ ಕಾರ್ತೂಸಿಗೆ ಈ ತಂಟೆಯಿಲ್ಲ. ಅದರ ಕಿಡಿಮದ್ದು ಇರುವುದು ಬುಡದ ಅಂಚಿನಲ್ಲಿ.

ಚಪ್ಪಟೆ ಕಾರ್ತೂಸಿನವರೂ ನಿಶ್ಚಿಂತರಾಗಿ ಕೂರುವಂತಿಲ್ಲ. ಬೇರೆ ಎಷ್ಟೋ ಬಂದೂಕುಗಳ ಮ್ಯಾಗಜೀನ್ ಕಳಚಿ ಕೈಗೆ ಬರುತ್ತದೆ, ಈ ಕೊಳವೆ ಬರುವುದಿಲ್ಲ. ಮಳೆಗಾಲದ ತೇವಕ್ಕೆ ಉಬ್ಬಿದ ಕಾರ್ತೂಸು ಒಳಗೇ ಕಚ್ಚಿಕೊಂಡರೆ, ಪಂಪ್ ಎಷ್ಟು ಎಳೆದರೂ ಏನೂ ಬೀಳುವುದಿಲ್ಲ. ಖಾಲಿ ಅಂದುಕೊಂಡು ಗೋಡೆಗೆ ಆನಿಸಿಟ್ಟರೆ, ಆಮೇಲೆ ಒಂದು ಅಲುಗಾಟಕ್ಕೆ ಅದು ಸಡಿಲವಾದೀತು. ಇನ್ನೊಮ್ಮೆ ಪಂಪ್ ಎಳೆದವನು ತಿಳಿಯದೆ ಅದನ್ನು ಚೇಂಬರಿಗೆ ಏರಿಸುತ್ತಾನೆ.

ಹೊಸದಾಗಿ ಬಂದ ಗಾರ್ಡ್ ಹುಡುಗನೊಬ್ಬ, "ಖಾಲಿ ಅದ ಕಾಕಾ, ನೋಡೀನಿ" ಅಂದ. ಬಂದೂಕಿನ ಬಾಯಿ ಬಯಲ ಕಡೆ ತಿರುಗಿಸಿ, ಟ್ರಿಗರಿನಿಂದ ಬೆರಳು ದೂರವಿಟ್ಟು, ಪಂಪ್ ಪೂರ್ತಿ ಹಿಂದಕ್ಕೆಳೆಸಿದೆ. ಮೊದಲು ಚೇಂಬರಿಗೆ ಕಿರುಬೆರಳು ಹಾಕಿಸಿದೆ. ನಂತರ ಕೆಳಗಿನ ಬಾಯಿಂದ ಕೊಳವೆಯೊಳಕ್ಕೆ. ಸ್ಪ್ರಿಂಗಿನ ಮುಚ್ಚಳ ಬೆರಳಿಗೆ ತಾಗಿ, ಒತ್ತಿದರೆ ಪುಟಿಯಬೇಕು. ಅದಾದ ಮೇಲೆ ನಾನೂ ಬೆರಳಿಟ್ಟು ನೋಡಿದೆ. ಆಮೇಲೇ ಬಂದೂಕು ಬೀರುವಿಗೆ ಹೋಯಿತು, ಕಾರ್ತೂಸುಗಳು ಬೇರೆ ಪೆಟ್ಟಿಗೆಗೆ.